ಅಳಿಸಿಹೋದ ಮನೆಮಾತು

ಹೆಂಡತಿಯ ದನಿ ತಡವರಿಸತೊಡಗಿತ್ತು. ಅದನ್ನು ಸರಿಪಡಿಸಲೆಂದೇ ಡಾ. ಇಂದುಧರ ಕಮತಗಿ ಒಂದು ಭಾನುವಾರ ಮಧ್ಯಾಹ್ನ ಮನೆಯ ಕಂಪ್ಯೂಟರಿಗೆ ರಿಜಿಸ್ಟ್ರಿ ಕ್ಲೀನರ್ ಹಾಕಿದ.

ಇಂದುಧರ ಧಾರವಾಡದ ಪಶು ಆಸ್ಪತ್ರೆಯ ವೈದ್ಯ. ಹೆಂಡತಿ ನೀಲಾಂಬಿಕೆ ಭೂವಿಜ್ಞಾನಿ. ಎರಡು ವರ್ಷಗಳ ಹಿಂದೆ ಅವಳು ಇನ್ನೂ ಮೂವರ ಜೊತೆ, ಒಂದು ಕ್ಷುದ್ರಗ್ರಹದ ಕಲ್ಲು ಕೊರೆದು ತರಲು ನೌಕೆ ಹತ್ತಿದ್ದಳು. ಹೋಗಿ ಬರಲು ಒಟ್ಟು ಮೂವತ್ತೆಂಟು ತಿಂಗಳು. ಅಷ್ಟು ದೂರದಿಂದ ದಿನವೂ ದನಿ ಕಳಿಸುವಷ್ಟು ಶಕ್ತಿ ನೌಕೆಗಿರಲಿಲ್ಲ. ಇದ್ದದ್ದೆಲ್ಲ ಕೆಲಸದ ಮಾಹಿತಿಗೇ ಬೇಕಾಗಿತ್ತು. ಒಬ್ಬೊಬ್ಬರಿಗೆ ದಿನಕ್ಕೆ ನಲವತ್ತು ಸಂಖ್ಯೆಗಳನ್ನು ಮನೆಗೆ ಕಳಿಸಲು ಮಾತ್ರ ಅವಕಾಶ.

ಆ ನಲವತ್ತು ಸಂಖ್ಯೆಗಳಲ್ಲೇ ಸಂಸಾರ ನಡೆಯಬೇಕಲ್ಲ, ಅದಕ್ಕೊಂದು ಉಪಾಯ ಮಾಡಿದ್ದರು. ಹೊರಡುವ ಮೊದಲು ಪ್ರತಿಯೊಬ್ಬರೂ ಮನೆಯಲ್ಲಿ ಕೂತು, ಮುಂದೆ ಬೇಕಾಗಬಹುದಾದ ಮಾತುಗಳನ್ನು ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಬೇಕು. ‘ಮನೆಮಾತು’ ಎಂಬ ತಂತ್ರಾಂಶ ಪ್ರತಿ ಮಾತಿಗೂ ಒಂದು ಸಂಖ್ಯೆ ಕೊಡುತ್ತದೆ. ನೌಕೆಯಿಂದ ಎಂಬತ್ತೆಂಟು ಎಂದು ಬಂದರೆ ಮನೆಯ ಕಂಪ್ಯೂಟರು ಪಟ್ಟಿ ನೋಡಿ ಎಂಬತ್ತೆಂಟರ ಮಾತನ್ನು ಹುಡುಕಿ ಕೇಳಿಸುತ್ತದೆ. ಹೊರಗಿನವರು ಊಹಿಸಬಾರದೆಂದು ಸಂಖ್ಯೆಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಹಂಚಿತ್ತು. ಪಟ್ಟಿಯ ಒಂದು ಪ್ರತಿ ನೌಕೆಯಲ್ಲಿ, ಇನ್ನೊಂದು ಮನೆಯ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ. ಗಂಡಹೆಂಡಿರ ಮಾತು ಕಚೇರಿಯ ಕಡತ ಸೇರಬಾರದೆಂದು ಎಲ್ಲ ಮನೆಯವರೂ ಹಟ ಹಿಡಿದಿದ್ದರಿಂದ ಮೂರನೆಯ ಪ್ರತಿ ಎಲ್ಲೂ ಇರಲಿಲ್ಲ.

ನೀಲಾ ಒಂಬೈನೂರ ಹನ್ನೆರಡು ಮಾತುಗಳನ್ನು ರೆಕಾರ್ಡ್ ಮಾಡಿದ್ದಳು. ಬೀದಿಯ ಸದ್ದು ಬರಬಾರದೆಂದು ಕಿಟಕಿಗೆ ಕೌದಿ ಕಟ್ಟಿಕೊಂಡು, ಬೇಸಿಗೆಯ ಸೆಕೆಯಲ್ಲಿ ಬೆವರುತ್ತ, ಇಬ್ಬರೂ ಹದಿನಾರು ಮಧ್ಯಾಹ್ನ ಕೂತಿದ್ದರು.

ಈಗ ಆ ಕಂಪ್ಯೂಟರು ಹಳತಾಗಿತ್ತು. “ಕೆಲಸ” ಎಂದು ಶುರುವಾದ ನೀಲಾಳ ದನಿ ಅಲ್ಲೇ ನಿಂತು, ಎಷ್ಟೋ ಹೊತ್ತಿನ ಮೇಲೆ “ಮುಗೀತು” ಎನ್ನುತ್ತಿತ್ತು. ಅವಳು ಉಬ್ಬಸ ಬಂದವರ ಹಾಗೆ ಮಾತಾಡುವುದನ್ನು ಇಂದುಧರನಿಗೆ ಕೇಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಯಾರೋ ಹೇಳಿದರು: ಕಂಪ್ಯೂಟರಿನೊಳಗೆ ರಿಜಿಸ್ಟ್ರಿ ಅಂತ ಒಂದು ದೊಡ್ಡ ಯಾದಿ ಇರುತ್ತದೆ, ಯಾವ ವಸ್ತು ಎಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ, ವರ್ಷಗಳು ಕಳೆದಂತೆ ಅದರಲ್ಲಿ ಕಸ ತುಂಬುತ್ತದೆ, ಗುಡಿಸಿದರೆ ಹಗುರಾಗುತ್ತದೆ.

ಅವನು ಎಚ್ಚರಿಕೆಯ ಮನುಷ್ಯ. ನೀಲಾಳ ದನಿಯಿದ್ದ ಪುಟ್ಟ ಡಿಸ್ಕಿಗೆ ಏನಾದರೂ ಆದೀತೆಂದು ಹೆದರಿ, ಮೊದಲು ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನೊಳಗಿಟ್ಟ. ಆಮೇಲೆ ಕ್ಲೀನರ್ ಓಡಿಸಿದ. ‘1,340 ಅನಾಥ ನಮೂದುಗಳು ಸಿಕ್ಕಿವೆ. ಇವು ಸೂಚಿಸುವ ವಸ್ತುಗಳು ಈ ಕಂಪ್ಯೂಟರಿನಲ್ಲಿ ಇಲ್ಲ. ತೆಗೆಯಲೇ?’ ಎಂದು ಪರದೆ ಕೇಳಿತು. ಹಳೆಯ ಪ್ರತಿ ಉಳಿಸಿಕೊಳ್ಳಬೇಕೇ ಎಂದೂ ಕೇಳಿತು. ಜಾಗವಿರಲಿಲ್ಲವಾದ್ದರಿಂದ ಬೇಡ ಎಂದ. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು. ಕಂಪ್ಯೂಟರು ಹೊಸದರಂತೆ ಚುರುಕಾಯಿತು. ಡಿಸ್ಕನ್ನು ಮತ್ತೆ ಜೋಡಿಸಿ, ಖುಷಿಯಾಗಿ ಚಹಾ ಮಾಡಿಕೊಂಡು ಕುಡಿದ.

ಸೋಮವಾರ ಬೆಳಿಗ್ಗೆ ಏಳಕ್ಕೆ ಪರದೆಯ ಮೇಲೆ 88, 305, 41, 6 ಎಂದು ಸಂಖ್ಯೆಗಳು ಸಾಲಾಗಿ ಬಂದು ನಿಂತವು. ದನಿ ಬರಲಿಲ್ಲ.

ಏನಾಗಿದೆ ಎಂದು ತಿಳಿಯಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಡಿಸ್ಕು ಕಪಾಟಿನಲ್ಲಿದ್ದಾಗ ಪಟ್ಟಿಯ ಒಂಬೈನೂರ ಹನ್ನೆರಡು ನಮೂದುಗಳೂ ಇಲ್ಲದ ವಸ್ತುವನ್ನು ತೋರಿಸುತ್ತಿದ್ದವು. ಕ್ಲೀನರ್ ಅವನ್ನು ಅನಾಥವೆಂದು ಬಗೆದು ಗುಡಿಸಿಹಾಕಿತ್ತು. ಅವಳ ಮಾತುಗಳೆಲ್ಲ ಡಿಸ್ಕಿನಲ್ಲಿ ಹಾಗೇ ಇದ್ದವು. ಅವಳು ಕಳಿಸುವ ಸಂಖ್ಯೆಗಳೂ ದಿನಾ ಬರುವವು. ಯಾವ ಸಂಖ್ಯೆಗೆ ಯಾವ ಮಾತು ಎಂಬುದು ಮಾತ್ರ ಹೋಗಿತ್ತು.

ಅವನು ರಜೆ ಹಾಕಿ, ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿಕೊಂಡು, ಊರಾಚೆಯ ಗುಡ್ಡದ ಮೇಲಿನ ಆಲಿಕೆ ಕೇಂದ್ರಕ್ಕೆ ಹೋದ. ನೌಕೆಯ ಸಂಕೇತ ಹಿಡಿಯುವ ದೊಡ್ಡ ತಟ್ಟೆಯಂಥ ಆಂಟೆನಾ ಇದ್ದದ್ದು ಅಲ್ಲೇ. ಮನೆಯವರ ಸಂಖ್ಯೆಗಳನ್ನು ನೋಡಿಕೊಳ್ಳುವ ಅಧಿಕಾರಿ ಶಬಾನಾ ನದಾಫ್ ಅವನ ಕಂಪ್ಯೂಟರನ್ನು ತಮ್ಮ ತಂತ್ರಜ್ಞರಿಗೆ ಕೊಟ್ಟು ಕಾದರು. ಸಂಜೆ ನಾಲ್ಕಕ್ಕೆ ಉತ್ತರ ಬಂತು.

“ತೆಗೆದು ಹಾಕಿದ ಮ್ಯಾಲೆ ಅದು ರಿಜಿಸ್ಟ್ರಿನ್ನ ಒತ್ತಿ ಸಣ್ಣದು ಮಾಡೇತ್ರಿ ಡಾಕ್ಟ್ರ. ಹಳೇ ಅಕ್ಷರದ ಮ್ಯಾಲೆ ಹೊಸಾ ಅಕ್ಷರ ಕುಂತಾವ. ವಾಪಸ್ ಬರಂಗಿಲ್ಲ.”

“ಆಕಿಗೆ ಒಂದು ಸುದ್ದಿ ಕಳಿಸ್ರಿ. ಪಟ್ಟಿ ಮತ್ತೊಮ್ಮೆ ಕಳಿಸು ಅಂತ.”

ಹೇಳಿದ ಮೇಲೆ ಅವನಿಗೇ ನೆನಪಾಯಿತು. ಹನ್ನೊಂದು ತಿಂಗಳ ಹಿಂದೆ ದೂಳಿನ ಕಣವೊಂದು ಬಡಿದು, ಭೂಮಿಯ ಸಂಕೇತ ಹಿಡಿಯುವ ನೌಕೆಯ ಯಂತ್ರ ಕೆಟ್ಟಿತ್ತು. ನೌಕೆ ಮಾತಾಡಬಲ್ಲದು, ಕೇಳಲಾರದು. ದಾರಿ ಮೊದಲೇ ನಿಗದಿಯಾದದ್ದು, ನಾಲ್ವರೂ ತಮ್ಮ ಕೆಲಸ ಮಾಡಿಕೊಂಡು ಗೊತ್ತಾದ ದಿನಕ್ಕೆ ಮರಳುತ್ತಾರೆ. ಅಲ್ಲಿಯವರೆಗೆ ಭೂಮಿಯಿಂದ ಅವರಿಗೆ ಒಂದು ಅಕ್ಷರವೂ ಮುಟ್ಟುವುದಿಲ್ಲ. ಕೇಳುವವರು ಇದ್ದಾರೆ ಎಂಬ ನಂಬಿಕೆಯೊಂದರ ಮೇಲೆ ನೀಲಾ ದಿನವೂ ಕಳಿಸುತ್ತಿದ್ದಳು.

“ಇಲ್ಲೀತನಕ ಬಂದ ಸಂಖ್ಯೆ ಎಲ್ಲಾ ನಮ್ಮ ಹತ್ರ ದಿನದ ಲೆಕ್ಕದಾಗ ಅದಾವ್ರಿ,” ಎಂದರು ಶಬಾನಾ. “ಯಾವ ದಿನ ಆಕಿ ಏನಂದ್ಲು ಅಂತ ನಿಮಗ ನೆನಪಿದ್ರ, ಜೋಡಿಸಬಹುದು. ನೆನಪೈತೇನ್ರಿ?”

ಇಂದುಧರ ನೆನಪಿಸಿಕೊಳ್ಳಲು ನೋಡಿದ. ಎರಡು ವರ್ಷ ದಿನಾ ಬೆಳಿಗ್ಗೆ ಕೇಳಿದ ಮಾತು. ಗಡ್ಡ ಕೆರೆಯುತ್ತ, ಬೂಟಿನ ಲೇಸು ಕಟ್ಟುತ್ತ, ಫೋನಿನಲ್ಲಿ ಯಾರದೋ ಎಮ್ಮೆಯ ಕೆಚ್ಚಲು ಬಾವಿನ ಕತೆ ಕೇಳುತ್ತ ಕೇಳಿದ್ದು. ನಾಳೆ ಮತ್ತೆ ಬರುತ್ತದಲ್ಲ ಎಂದು ಕೇಳಿದ್ದು. ಎಷ್ಟು ತಡಕಿದರೂ ಹದಿನೈದು ಮಾತಿಗಿಂತ ಹೆಚ್ಚು ಸಿಗಲಿಲ್ಲ. ಅವು ಯಾವ ದಿನದವು ಎಂಬುದಂತೂ ಗೊತ್ತೇ ಇರಲಿಲ್ಲ.

“ಇಲ್ರಿ ಮೇಡಂ,” ಎಂದ.

ಮನೆಯಲ್ಲಿ ಅತ್ತೆ ದಾನಮ್ಮ ಕಾಯುತ್ತಿದ್ದಳು. ಮಗಳು ಹೋದಾಗಿನಿಂದ ಅವಳು ಅಳಿಯನ ಮನೆಯಲ್ಲೇ ಇದ್ದಳು. ಎಪ್ಪತ್ತಾರು ವಯಸ್ಸು, ಕಿವಿ ಚುರುಕು.

“ಏನಂದ್ಲು ಅಳಿಯಂದ್ರ ಇವತ್ತ? ಮುಂಜಾನೆ ಮಿಷಿನ್ ಹೊತ್ಕೊಂಡು ಹೋಗಿಬಿಟ್ರಿ.”

ನಿಜ ಹೇಳಲು ಬಾಯಿ ಬರಲಿಲ್ಲ. ಡಿಸ್ಕಿನಿಂದ ಕೈಗೆ ಸಿಕ್ಕ ಮೂರು ಮಾತು ತೆಗೆದು ಕೇಳಿಸಿದ. ದಾನಮ್ಮ ಸೆರಗಿನ ತುದಿ ಹಿಡಿದುಕೊಂಡು ಕೇಳಿ ಒಳಗೆ ಹೋದಳು. ಮರುದಿನವೂ ಹಾಗೇ ಮಾಡಿದ. ಏಳು ದಿನ ಮಾಡಿದ. ಪರದೆಯ ಮೇಲೆ ನೀಲಾಳ ನಿಜವಾದ ಸಂಖ್ಯೆಗಳು ಬಂದು ನಿಂತಿರುತ್ತಿದ್ದವು. ಅವನು ಅವುಗಳ ಕೆಳಗೆ ಕೂತು ಸುಳ್ಳು ಮಾತು ಆರಿಸುತ್ತಿದ್ದ.

ಎಂಟನೆಯ ದಿನ ಅವನು ಆರಿಸಿದ್ದು: “ಅವ್ವಾ, ನಿನ್ನ ಮಂಡಿನೋವು ಹೆಂಗೈತಿ?”

ದಾನಮ್ಮ ಒಳಗೆ ಹೋಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ನಿಂತಳು.

“ಇದು ಇವತ್ತಿಂದಲ್ಲ,” ಎಂದಳು.

“ಯಾಕ್ರಿ ಅತ್ತಿ?”

“ಆ ಕೇಳೂ ಮಿಷಿನ್ ಕೆಟ್ಟ ದಿನದಿಂದ ಆಕಿ ಒಂದ ಪ್ರಶ್ನೆ ಕೇಳಿಲ್ಲ. ಉತ್ತರ ಬರಂಗಿಲ್ಲ ಅಂತ ಗೊತ್ತಾದ ಮ್ಯಾಲೆ ಕೇಳೂದು ಬಿಟ್ಲು. ಬರೇ ತನ್ನ ಸುದ್ದಿ ಹೇಳ್ತಾಳ. ನಿಮಗ ಅದು ಗೊತ್ತಾಗಿಲ್ಲೇನು?”

ಗೊತ್ತಾಗಿರಲಿಲ್ಲ. ಇಂದುಧರ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ. ಭಾನುವಾರದ್ದು, ಡಿಸ್ಕು ಕಪಾಟಿನಲ್ಲಿಟ್ಟದ್ದು, ಕೇಂದ್ರದವರು ಹೇಳಿದ್ದು, ಏಳು ದಿನದ ಸುಳ್ಳು. ದಾನಮ್ಮ ಬೈಯಲಿಲ್ಲ. “ಆ ಸಂಖ್ಯೆದ್ದು ಯಾದಿ ಕೊಡ್ತಾರಂತೇನು?” ಎಂದು ಕೇಳಿದಳು.

ಮರುದಿನ ಶಬಾನಾ ಎರಡು ವರ್ಷದ ಯಾದಿಯನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟರು. ದಾನಮ್ಮನಿಗೆ ತಾರೀಖು ಗೊತ್ತಿರಲಿಲ್ಲ, ದಿನಗಳು ಗೊತ್ತಿದ್ದವು. “ಪಂಚಮಿ ದಿನ ‘ಉಂಡಿ ತಿನಬೇಕು ಅನಸ್ತದ’ ಅಂದ್ಲು. ಅದರ ಮರುದಿನ ಏನೂ ಬರಲಿಲ್ಲ. ನೀವು ಹೆಬ್ಬಳ್ಳಿಗೆ ಎಮ್ಮಿ ಹೆರಿಗಿಗೆ ಹೋಗಿದ್ರಲ್ಲ, ಅವತ್ತ ನೀವು ಕೇಳಿಲ್ಲ, ನಾ ಒಬ್ಬಾಕೇ ಕೇಳೀನಿ. ‘ಕೈಗೆ ಗಾಯ ಆಗೇತಿ, ಸಣ್ಣದು, ಚಿಂತಿ ಮಾಡಬ್ಯಾಡ್ರಿ’ ಅಂದಿದ್ಲು.”

“ನನಗ ಹೇಳ್ಲಿಲ್ಲಲ್ಲ ಅತ್ತಿ?”

“ನೀವು ಕೇಳಲಿಲ್ಲ.”

ಹೀಗೆ ಶುರುವಾಯಿತು. ದಿನಾ ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಕೂರುವರು. ದಾನಮ್ಮ ಒಂದು ದಿನವನ್ನು ನೆನೆಯುವಳು; ಇಂದುಧರ ಆ ದಿನದ ಸಂಖ್ಯೆಗಳನ್ನು ಓದುವನು; ಎರಡು ದಿನಗಳಲ್ಲಿ ಒಂದೇ ಮಾತಿದ್ದು, ಎರಡರಲ್ಲೂ ಒಂದೇ ಸಂಖ್ಯೆ ಸಿಕ್ಕರೆ ಆ ಜೋಡಿ ಗಟ್ಟಿ. ಆಮೇಲೆ ಡಿಸ್ಕಿನಲ್ಲಿ ಆ ಮಾತನ್ನು ಹುಡುಕಿ, ಪಕ್ಕದಲ್ಲಿ ಸಂಖ್ಯೆ ಬರೆಯುವುದು. ಮೊದಲ ವಾರ ಒಂಬತ್ತು ಮಾತು ಸಿಕ್ಕವು. ತಿಂಗಳ ಹೊತ್ತಿಗೆ ನೂರಾ ಇಪ್ಪತ್ತು. ಇಷ್ಟು ದಿನ ಮೂಕವಾಗಿದ್ದ ಕಂಪ್ಯೂಟರು ಒಂದು ಬೆಳಿಗ್ಗೆ “ಉಂಡೀನಿ” ಎಂದು, ನಡುವೆ ಹತ್ತು ಸಂಖ್ಯೆ ನುಂಗಿ, “ಮಲಗ್ತೀನಿ” ಎಂದಿತು. ದಾನಮ್ಮ ಕೈ ಮುಗಿದಳು. ಇಂದುಧರನಿಗೆ ಆ ದಿನ ಬೂಟಿನ ಲೇಸು ಕಟ್ಟಲು ಆಗಲಿಲ್ಲ.

ದಾನಮ್ಮನ ನೆನಪು ಮುಗಿದ ಕಡೆ ಬೇರೆ ದಾರಿ ಬೇಕಾಯಿತು. ಒಂದು ಮಧ್ಯಾಹ್ನ ಆಲಿಕೆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಚಹಾ ಕುಡಿಯುತ್ತ ಶಬಾನಾ ಕೇಳಿದರು: “ನಿಮ್ಮ ಪೇಷಂಟು ಬಾಯಿ ಬಿಟ್ಟು ಹೇಳಂಗಿಲ್ಲ. ಏನಾಗೇತಿ ಅಂತ ಹೆಂಗ ಗುರುತ ಹಿಡೀತೀರಿ ಡಾಕ್ಟ್ರ?”

“ಮೇವು ತಿಂದಾವೋ ಇಲ್ಲೋ ನೋಡ್ತೀನಿ. ಹೆಂಗ ನಿಂತಾವ, ಹೆಂಗ ಮಲಗ್ತಾವ ನೋಡ್ತೀನಿ.”

“ಹಂಗಾರ ನೋಡ್ರಿ.” ಅವರು ತಮ್ಮ ಪರದೆಯನ್ನು ಅವನ ಕಡೆ ತಿರುಗಿಸಿದರು. ನೌಕೆಯ ಕೋಣೆಗಳ ತಾಪಮಾನ, ದೀಪ ಆರಿದ ಹೊತ್ತು, ಯಾರು ಎಂದು ಹೊರಗೆ ಹೋಗಿ ಕಲ್ಲು ಕೊರೆದರು, ಎಷ್ಟು ಗಂಟೆ ಯಂತ್ರದ ಮುಂದೆ ಕೂತರು, ಎಲ್ಲ ಅಲ್ಲಿತ್ತು. “ಆರೋಗ್ಯದ ಲೆಕ್ಕ ವೈದ್ಯರ ವಿಭಾಗದ್ದು, ಅದು ನನ್ನ ಕೈಯಾಗಿಲ್ಲ. ಇದನ್ನ ನೀವು ನೋಡಬಹುದು.”

ಅಂದಿನಿಂದ ಇಂದುಧರ ಹೆಂಡತಿಯನ್ನು ಹಾಗೆ ನೋಡತೊಡಗಿದ. ಕೋಣೆ ಹನ್ನೆರಡು ಡಿಗ್ರಿಗೆ ಇಳಿದ ಐದು ದಿನಗಳಲ್ಲೂ ಬಂದ ಸಂಖ್ಯೆಗೆ ಚಳಿಯ ಮಾತು ಹಾಕಿದ. ಹೊರಗೆ ಹೋಗಿ ಬಂದ ದಿನಗಳ ಸಂಖ್ಯೆಗೆ “ಕೈ ಸೋತಾವ” ಎಂದು ಹಾಕಿದ. ಅವಳು ಜೊತೆಗಿದ್ದ ವರ್ಷಗಳಲ್ಲಿ ಎಷ್ಟು ಗಂಟೆಗೆ ಮಲಗುತ್ತಿದ್ದಳು ಎಂದು ಕೇಳಿದ್ದರೆ ಅವನು ಹೇಳಲಾರದೆ ಹೋಗುತ್ತಿದ್ದ. ಈಗ ಕೋಟಿ ಕೋಟಿ ಕಿಲೋಮೀಟರ್ ಆಚೆ ಅವಳ ದೀಪ ಇಪ್ಪತ್ತು ನಿಮಿಷ ತಡವಾಗಿ ಆರಿದರೂ ಅವನಿಗೆ ತಿಳಿಯುತ್ತಿತ್ತು. ದಾರಿಯಲ್ಲಿ ಹೋಗುವಾಗ ಅವಳ ಬೆಳಗು ಯಾವಾಗ, ಅವಳ ಊಟ ಯಾವಾಗ ಎಂದು ಲೆಕ್ಕ ಹಾಕುತ್ತಿದ್ದ. ಒಮ್ಮೆ ಒಂದು ಆಕಳಿನ ನಾಡಿ ಹಿಡಿದು ನಿಂತವನು, ಎಣಿಕೆ ಮರೆತು, ಅವಳೀಗ ಎದ್ದಿರಬೇಕು ಎಂದುಕೊಂಡ.

ಪಟ್ಟಿ ಹಾಳಾದ ಒಂದು ತಿಂಗಳಿಗೆ 417 ಎಂಬ ಸಂಖ್ಯೆ ಬರಲು ಶುರುವಾಯಿತು. ಹಿಂದಿನ ಎರಡು ವರ್ಷದ ಯಾದಿಯಲ್ಲಿ ಅದು ಒಮ್ಮೆಯೂ ಇರಲಿಲ್ಲ. ಹಾಗಾಗಿ ದಾನಮ್ಮನಿಗೂ ಗೊತ್ತಿರಲಿಲ್ಲ. ಮೊದಲು ವಾರಕ್ಕೊಮ್ಮೆ ಬಂತು, ಆಮೇಲೆ ದಿನಾ, ಕೆಲವು ದಿನ ಎರಡೆರಡು ಸಲ. ಯಂತ್ರದ ಮುಂದೆ ಅವಳು ಒಬ್ಬಳೇ ಬಹಳ ಹೊತ್ತು ಕೂತ ದಿನಗಳಲ್ಲಿ ತಪ್ಪದೆ ಬರುತ್ತಿತ್ತು. ದೀಪ ತಡವಾಗಿ ಆರಿದ ದಿನಗಳಲ್ಲೂ ಬರುತ್ತಿತ್ತು.

ಜೋಡಿ ಸಿಗದೆ ಉಳಿದ ಮಾತುಗಳನ್ನು ಇಂದುಧರ ಒಂದೊಂದಾಗಿ ಕೇಳಿದ. ಅವುಗಳಲ್ಲಿ ಒಂದು, ರೆಕಾರ್ಡ್ ಮಾಡುವಾಗ ಅವನೇ ಒತ್ತಾಯ ಮಾಡಿ ಹೇಳಿಸಿದ್ದು. ನೀಲಾ ನಕ್ಕು, ಬೇಡವೆಂದು, ಕೊನೆಗೆ ಮುಖ ಆ ಕಡೆ ತಿರುಗಿಸಿ ಹೇಳಿದ್ದಳು: “ನಿಮ್ಮ ನೆನಪು ಭಾಳ ಬರ್ತದ.”

“ಅತ್ತಿ, ಇದ ಇರಬೇಕು. ಒಬ್ಬಾಕೇ ಕುಂತಾಗ ಬರ್ತದ. ನಿದ್ದಿ ಬರದಾಗ ಬರ್ತದ.”

ದಾನಮ್ಮ ತಲೆ ಅಲ್ಲಾಡಿಸಿದಳು. “ಆಕಿ ಇಂಥಾದ್ದು ಬಾಯಿಬಿಟ್ಟು ಹೇಳಾಕಿ ಅಲ್ಲ. ಸಣ್ಣಾಕಿದ್ದಾಗಿಂದ ನೋಡೀನಿ.”

“ಎರಡು ವರ್ಷ ಆತಲ್ರಿ. ಮನಸ್ಯಾರು ಬದಲಾಗ್ತಾರ.”

“ನಿಮ್ಮ ಇಷ್ಟ,” ಎಂದಳು ದಾನಮ್ಮ.

ಅವನು 417ರ ಮುಂದೆ ಆ ಮಾತು ಬರೆದ. ಮರುದಿನ ಬೆಳಿಗ್ಗೆಯಿಂದ, ನೌಕೆ ಮರಳುವವರೆಗೂ, ನೀಲಾಳ ದನಿ ಆ ಮನೆಯಲ್ಲಿ ದಿನವೂ “ನಿಮ್ಮ ನೆನಪು ಭಾಳ ಬರ್ತದ” ಎಂದಿತು. ಇಂದುಧರ ಅದಕ್ಕಾಗಿ ಬೇಗ ಏಳತೊಡಗಿದ. ಗಡ್ಡ ಕೆರೆದು, ಸ್ನಾನ ಮುಗಿಸಿ, ಕೈಯಲ್ಲಿ ಬೇರೇನೂ ಇಟ್ಟುಕೊಳ್ಳದೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಎರಡು ಸಲ ಬಂದ ದಿನ ಅವನ ನಡಿಗೆಯೇ ಬೇರೆ ಇರುತ್ತಿತ್ತು. “ನನಗೂ” ಎಂದು ಒಮ್ಮೊಮ್ಮೆ ಪರದೆಗೆ ಹೇಳಿ, ಅತ್ತೆ ಕೇಳಿಸಿಕೊಂಡಳೇನೋ ಎಂದು ಹಿಂದೆ ನೋಡುತ್ತಿದ್ದ.

ಮೂವತ್ತೆಂಟನೆಯ ತಿಂಗಳು ನೌಕೆಯ ಕೋಶ ಅರಬ್ಬೀ ಸಮುದ್ರದಲ್ಲಿ ಇಳಿಯಿತು. ನಾಲ್ವರೂ ಬದುಕಿ ಬಂದಿದ್ದರು. ಅವರನ್ನು ಆಲಿಕೆ ಕೇಂದ್ರದ ಪಕ್ಕದ ಕಟ್ಟಡದಲ್ಲಿ ಇಪ್ಪತ್ತೊಂದು ದಿನ ಬೇರೆಯಾಗಿ ಇಟ್ಟರು. ಮನೆಯವರು ಗಾಜಿನ ಈಚೆ ಕೂತು ಫೋನಿನಲ್ಲಿ ಮಾತಾಡಬಹುದಿತ್ತು.

ಮೊದಲ ದಿನ ನೀಲಾಳನ್ನು ಗಾಲಿಕುರ್ಚಿಯಲ್ಲಿ ತಂದರು. ತೆಳ್ಳಗಾಗಿದ್ದಳು, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಫೋನು ಎತ್ತಿ “ಹೆಂಗದೀರಿ?” ಎಂದಳು. ಇಂದುಧರ ಬೆಚ್ಚಿದ. ಆ ದನಿ ಅವನು ದಿನಾ ಕೇಳುತ್ತಿದ್ದ ದನಿಯಾಗಿರಲಿಲ್ಲ. ಒಣಗಿತ್ತು, ಇನ್ನೂ ಕೆಳಗಿಳಿದಿತ್ತು. ಕೌದಿ ಕಟ್ಟಿದ ಕೋಣೆಯಲ್ಲಿ ಬೆವರುತ್ತ ಮಾತಾಡಿದವಳು ಮೂರು ವರ್ಷ ಚಿಕ್ಕವಳು.

ದಾನಮ್ಮ ಗಾಜಿಗೆ ಅಂಗೈ ಒತ್ತಿ ಅತ್ತು, ಮಗಳನ್ನು ಕಣ್ಣು ತುಂಬ ನೋಡಿ ಹೊರಗೆ ಹೋದ ಮೇಲೆ ಅವನು ಹೇಳಿದ: “ನೀಲಾ, ಒಂದು ತಪ್ಪಾಗೇತಿ.”

ಎಲ್ಲ ಹೇಳಿದ.

“ಒಂಬೈನೂರ ಹನ್ನೆರಡೂ ಹೋದ್ವಾ?”

“ಎಲ್ಲಾ. ಆರನೂರ ನಲವತ್ತು ವಾಪಸ್ ಸಿಕ್ಕವು. ಅರ್ಧಕ್ಕಿಂತ ಹೆಚ್ಚು ಅತ್ತಿ ನೆನಪಿಟ್ಟಿದ್ದು. ನಾ ಅಲ್ಲ.”

ಅವಳು ಗಾಜಿನ ಹತ್ತಿರಕ್ಕೆ ಬಾಗಿದಳು. ಆಮೇಲೆ, ಶಾಲೆಯ ಮಾಸ್ತರರಂತೆ, “ಎಂಬತ್ತೆಂಟು?” ಎಂದಳು.

“ಕೆಲಸ ಮುಗೀತು.”

“ಹೌದು. ಮುನ್ನೂರ ಐದು?”

“ಇವತ್ತ ಭಾಳ ಚಳಿ.”

“ಅಲ್ಲ. ‘ಇವತ್ತ ಛೊಲೋ ನಿದ್ದಿ ಬಂತು’ ಅಂತ.” ಅವಳಿಗೆ ನಗು ಬಂತು. “ಚಳಿ ಇದ್ದಾಗ ನಂಗ ನಿದ್ದಿ ಛೊಲೋ ಬರ್ತದ. ನಾನೂರ ಹದಿನೇಳು? ಅದು ಭಾಳ ಕಳಿಸೀನಿ.”

ಇಂದುಧರ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡ. “ನಿಮ್ಮ ನೆನಪು ಭಾಳ ಬರ್ತದ.”

ನೀಲಾಳ ಮುಖದ ನಗು ಆರಿತು.

“ಅದು ‘ಬೆನ್ನು ನೋಯಾಕತ್ತೇತಿ’ ಅಂತ,” ಎಂದಳು ಮೆಲ್ಲಗೆ. “ಅಲ್ಲಿ ಎಲುಬು ಸವೀತಾವಂತ. ಹದಿಮೂರು ತಿಂಗಳು. ಕುಂತ್ರ ನೋವು, ಮಲಗಿದ್ರ ನೋವು.”

ಅವನು ಅವಳ ಗಾಲಿಕುರ್ಚಿ ನೋಡಿದ. ಮುಂದೆ ಬಾಗಿ, ಒಂದು ಕೈ ಊರಿ, ಒಂದು ಮಗ್ಗುಲಿಗೆ ಭಾರ ಹಾಕಿ ಕೂತ ರೀತಿ ನೋಡಿದ. ಯಾವುದಾದರೂ ಪ್ರಾಣಿ ಹಾಗೆ ನಿಂತಿದ್ದರೆ ಆಸ್ಪತ್ರೆಯ ಗೇಟಿನಿಂದಲೇ ಹೇಳುತ್ತಿದ್ದ.

“ನೀ ದಿನಾ ನೋವು ನೋವು ಅಂತಿದ್ದಿ. ನಾ ಅದನ್ನ ಕೇಳಿ ಖುಷಿಯಾಗಿ ಕೆಲಸಕ್ಕ ಹೋಗ್ತಿದ್ದೆ. ಎರಡು ಸಲ ಅಂದ ದಿನ ಹಾಡಿಕೋತ ಹೋಗ್ತಿದ್ದೆ, ನೀಲಾ.”

ಅವಳು ಬೆರಳಿನಿಂದ ಗಾಜಿನ ಮೇಲೆ ಏನೋ ಗೀಚಿದಳು, ಗುರುತು ಉಳಿಯಲಿಲ್ಲ.

“ಆ ಮಾತಿನ ಸಂಖ್ಯೆ ಇಪ್ಪತ್ತಮೂರು,” ಎಂದಳು.

“ಇಪ್ಪತ್ತಮೂರು ಒಮ್ಮಿನೂ ಬಂದಿಲ್ಲ. ಯಾದಿ ನಂಗ ಬಾಯಿಪಾಠ ಐತಿ.”

“ನಾ ಕಳಿಸ್ಲಿಲ್ಲ. ದಿನಾ ಮೊದಲು ಅದನ್ನ ಒತ್ತತಿದ್ದೆ. ಕಳಿಸೂ ಮುಂದ ಅಳಿಸ್ತಿದ್ದೆ. ಅದು ಹೋತಂದ್ರ ಉಳಿದ ಮೂವತ್ತೊಂಬತ್ತು ಹೇಳಾಕ ಆಗೂದಿಲ್ಲ ಅನಸ್ತಿತ್ತು. ಬೆನ್ನು ಅಂದ್ರ ನಿಮಗ ಏನರ ಉಪಾಯ ಗೊತ್ತಿರತದ ಅಂತ ಬೆನ್ನಿಂದು ಕಳಿಸಿದೆ.”

ಸಮಯ ಮುಗಿಯಿತೆಂದು ದಾದಿ ಬಂದು ಕುರ್ಚಿ ತಿರುಗಿಸಿದಳು.

ಇಪ್ಪತ್ತು ದಿನ ಅವನು ಪ್ರತಿ ಸಂಜೆ ಬಂದು ಗಾಜಿನ ಈಚೆ ಕೂತ. ಅವಳು ಕೂಡಿಟ್ಟುಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಅವನು ಉತ್ತರ ಹೇಳಿದ. ಸಂಖ್ಯೆಗಳ ಸುದ್ದಿ ಇಬ್ಬರೂ ಮತ್ತೆ ತೆಗೆಯಲಿಲ್ಲ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರು. ಉಳಿದ ಮೂವರ ಮನೆಯವರು ಹೂವು, ಸಿಹಿ ತಂದಿದ್ದರು, ಕಾರಿಡಾರು ಗದ್ದಲವಾಗಿತ್ತು. ನೀಲಾ ತನ್ನ ಕೋಣೆಯ ಮಂಚದ ಅಂಚಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಂದುಧರ ಒಳಗೆ ಬಂದು ಅವಳ ಹಿಂದೆ ಕೂತ. ಕೈ ತೊಳೆದು ಬಂದಿದ್ದರಿಂದ ಅಂಗೈ ತಣ್ಣಗಿತ್ತು. ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ಸೀರೆಯ ಮೇಲಿಂದಲೇ ಅವಳ ಬೆನ್ನಿಗೆ ಅಂಗೈ ಇಟ್ಟ.

“ಇಲ್ಲೇನು?”

“ಇನ್ನೂ ಕೆಳಗ.”

ಕೈ ಒಂದು ಬೆರಳಿನಷ್ಟು ಇಳಿಸಿದ. “ಇಲ್ಲೆ?”

ಅವಳು ಬೆನ್ನಿನ ಭಾರವನ್ನೆಲ್ಲ ಮೆಲ್ಲಗೆ ಅವನ ಅಂಗೈ ಮೇಲೆ ಬಿಟ್ಟಳು.